ಎರಡು ಟಿಬಿ ಹಾರ್ಡ್ ಡಿಸ್ಕ್: ಯಾವ ಡಿಫ್ರ್ಯಾಗ್ ಸಾಫ್ಟ್‌ವೇರ್ ಹಾಕಲಿ?

ಮಂಡ್ಯ ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಆಷಾಢ ಬಂತು, ಮದುವೆ ಆರ್ಡರ್ ಇಲ್ಲ. ಈ ಬಿಡುವಿನಲ್ಲೇ ಸಿಸ್ಟಮ್ ಸರಿ ಮಾಡಿಕೊಳ್ಳೋಣ ಅಂತ ಕೂತಿದ್ದೇನೆ. ವಿಂಡೋಸ್ 10. ಸಿ ಡ್ರೈವ್ ಎಸ್‌ಎಸ್‌ಡಿ, ಡಿ ಡ್ರೈವ್ 2 ಟಿಬಿ ಹಾರ್ಡ್ ಡಿಸ್ಕ್. ಡಿ ತುಂಬಾ ಕರಿಜ್ಮಾ ಆಲ್ಬಮ್‌ನ ಪಿಎಸ್‌ಡಿ, ರಾ ಫೋಟೋ, ಮದುವೆ ವಿಡಿಯೋ. ಒಂದು ಶೀಟ್ ಕ್ಲಿಕ್ ಮಾಡಿ ಹೊರಗೆ ಹೋಗಿ ಟೀ ಕುಡಿದು ಬರಬಹುದು, ಅಷ್ಟು ನಿಧಾನ. ವಿಂಡೋಸ್‌ನ ಆಪ್ಟಿಮೈಸ್ ಡ್ರೈವ್ಸ್‌ನಲ್ಲಿ ನೋಡಿದರೆ 1% ಫ್ರ್ಯಾಗ್ಮೆಂಟ್ ಆಗಿದೆ (ಅಂದ್ರೆ ಫೈಲುಗಳು ತುಂಡು ತುಂಡಾಗಿ ಚದುರಿವೆ), ಓಕೆ ಅನ್ನುತ್ತದೆ. ಆ ತುಂಡುಗಳನ್ನು ಒಟ್ಟಿಗೆ ಜೋಡಿಸುವ, ಅಂದ್ರೆ ಡಿಫ್ರ್ಯಾಗ್ ಮಾಡುವ ಡಿಫ್ರ್ಯಾಗ್ಲರ್ ಸಾಫ್ಟ್‌ವೇರ್ ಹಾಕಿದರೆ 31% ಅನ್ನುತ್ತದೆ. ಯಾರನ್ನು ನಂಬಲಿ? ಡಿ ಯಲ್ಲಿ ಇನ್ನು 90 ಜಿಬಿ ಖಾಲಿ ಇದೆ.

ಅಗ್ರಹಾರ ಡಿಟಿಪಿ:
ಡಿಫ್ರ್ಯಾಗ್ಲರ್ ನಂಬಿ. ಅದು ಡಿಸ್ಕನ್ನು ಡಬ್ಬಿ ಡಬ್ಬಿಯಾಗಿ ತೋರಿಸುತ್ತದೆ, ಕೆಂಪು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ವಿಂಡೋಸ್‌ನದು ಸುಮ್ನೆ ಒಂದು ಪರ್ಸೆಂಟ್ ಬರೆದು ಕೈ ತೊಳೆದುಕೊಳ್ಳುತ್ತದೆ. ಮೈಸೂರಿನ ಅಗ್ರಹಾರದಲ್ಲಿ ಲಗ್ನಪತ್ರಿಕೆ ಮಾಡಿಕೊಂಡು ವಿಂಡೋಸ್ 98 ಕಾಲದಿಂದ ಡಿಫ್ರ್ಯಾಗ್ ಮಾಡಿದವನು ನಾನು. ಶನಿವಾರ ರಾತ್ರಿ ಹಚ್ಚಿ ಮನೆಗೆ ಹೋದರೆ ಸೋಮವಾರ ಪೇಜ್‌ಮೇಕರ್ ಕುದುರೆ ಥರ ಓಡುತ್ತಿತ್ತು.

ಕಾಳಿದಾಸ ರೋಡ್:
ಎರಡೂ ಸುಳ್ಳು ಹೇಳುತ್ತಿಲ್ಲ. ವಿಸ್ಟಾದಿಂದ ಈಚೆಗೆ ವಿಂಡೋಸ್ 64 ಎಂಬಿಗಿಂತ ದೊಡ್ಡ ತುಂಡುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಫ್ರ್ಯಾಗ್ಲರ್ ಎಲ್ಲವನ್ನೂ ಹಿಡಿಯುತ್ತದೆ. ನಿಮ್ಮ ಮದುವೆ ವಿಡಿಯೋ 10 ಜಿಬಿ ಇದೆ, 20 ತುಂಡಾಗಿದೆ ಅಂದುಕೊಳ್ಳಿ. ಒಂದೊಂದು ತುಂಡೂ 500 ಎಂಬಿ. ಒಂದಕ್ಕೆ ಅದು ಫ್ರ್ಯಾಗ್ಮೆಂಟೆಡ್ ಫೈಲ್, ಇನ್ನೊಂದಕ್ಕೆ ಅಲ್ಲ. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕ್ 64 ಎಂಬಿ ಓದಲು 430 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮುಂದಿನ ತುಂಡಿಗೆ ಹೆಡ್ ಹೋಗಿ, ಪ್ಲೇಟ್ ತಿರುಗಿ ಬರಲು 7200 ಆರ್‌ಪಿಎಂ ಡಿಸ್ಕ್‌ನಲ್ಲಿ ಸುಮಾರು 13 ಮಿಲಿಸೆಕೆಂಡ್. ನೂರಕ್ಕೆ ಮೂರು ನಷ್ಟ. ಅಷ್ಟಕ್ಕೆ ರಾತ್ರಿಯೆಲ್ಲ ಡಿಸ್ಕ್ ಉಜ್ಜಬೇಕಾಗಿಲ್ಲ. ಡಬ್ಬಿ ನೋಡಿ ತೀರ್ಮಾನ ಮಾಡುವುದೆಲ್ಲ 98ರ ಜೊತೆಗೇ ಹೋಯಿತು.

ಗುತ್ತಲು ರಸ್ತೆ ಸರ್ವೀಸ್:
ಮೊದಲು ಡಿಸ್ಕ್ ಆರೋಗ್ಯ ನೋಡಿ ಅಣ್ಣ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಎರಡರ ಮುಂದೆ ಏನಿದೆ ಅಂತ ಇಲ್ಲಿ ಹಾಕಿ. ಪೆಂಡಿಂಗ್ ಇರುವ ಡಿಸ್ಕನ್ನು ಡಿಫ್ರ್ಯಾಗ್‌ಗೆ ಹಾಕಿದರೆ ಅದು ಮೂಲೆ ಮೂಲೆ ಓದಿ ಬರೆದು ಅಲ್ಲೇ ಮಲಗುತ್ತದೆ.

ಅಗ್ರಹಾರ ಡಿಟಿಪಿ:
"98ರ ಜೊತೆಗೇ ಹೋಯಿತು" ಅಂದ್ರೆ ಏನು ಸ್ವಾಮಿ? 98ರಲ್ಲಿ ಡೀಟೇಲ್ಸ್ ಒತ್ತಿದರೆ ಲೆಜೆಂಡ್‌ನಲ್ಲಿ ಬರೆದಿತ್ತು, ಒಂದು ಡಬ್ಬಿ ಅಂದ್ರೆ ಒಂದು ಕ್ಲಸ್ಟರ್ (ಫೈಲಿಗೆ ಕೊಡುವ ಜಾಗದ ಅತಿ ಸಣ್ಣ ಅಳತೆ) ಅಂತ. ಎಲ್ಲಿ ಓದುತ್ತಿದೆ, ಎಲ್ಲಿ ಬರೆಯುತ್ತಿದೆ, ಕೆಟ್ಟ ಜಾಗ ಎಲ್ಲಿದೆ, ಎಲ್ಲ ಬೇರೆ ಬೇರೆ ಬಣ್ಣ. ಡಿಸ್ಕ್ ಒಳಗೆ ಏನಾಗುತ್ತಿದೆ ಅಂತ ಮಾಲೀಕನಿಗೆ ಗೊತ್ತಾಗುತ್ತಿತ್ತು. ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಅದನ್ನು ಕಿತ್ತು ಹಾಕಿತು. ಯಾಕೆ ಅಂತ ಯೋಚಿಸಿ. ಕೆಲಸ ಕಳ್ಳ ಮೊದಲು ಮುಚ್ಚುವುದೇ ಲೆಕ್ಕದ ಪುಸ್ತಕ.

ಕಾಳಿದಾಸ ರೋಡ್:
ಲೆಕ್ಕದ ಪುಸ್ತಕ ಬೇಕಾ? ಮಾಡೋಣ. 98ರಲ್ಲಿ 4 ಜಿಬಿ ಡಿಸ್ಕ್, 4 ಕೆಬಿ ಕ್ಲಸ್ಟರ್, ಸುಮಾರು 10 ಲಕ್ಷ ಡಬ್ಬಿ. ಸ್ಕ್ರೋಲ್ ಮಾಡಿಕೊಂಡು ನೋಡಬಹುದಿತ್ತು, ಒಪ್ಪೋಣ. ಇವರದು 2 ಟಿಬಿ. ಈಗಿನ ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್‌ನಲ್ಲೂ 4 ಕೆಬಿ ಕ್ಲಸ್ಟರೇ ಅಂದ್ರೆ 48 ಕೋಟಿ ಚಿಲ್ಲರೆ ಕ್ಲಸ್ಟರ್. ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಒಟ್ಟು ಪಿಕ್ಸೆಲ್ ಸುಮಾರು 20 ಲಕ್ಷ. ಒಂದು ಕ್ಲಸ್ಟರಿಗೆ ಒಂದೇ ಪಿಕ್ಸೆಲ್ ಕೊಟ್ಟರೂ 235 ಮಾನಿಟರ್ ಬೇಕು. ನಿಮ್ಮ ಅಂಗಡಿ ಗೋಡೆ ಸಾಲುತ್ತಾ?

ಅಗ್ರಹಾರ ಡಿಟಿಪಿ:
ನನ್ನ ಅಂಗಡಿ ಗೋಡೆ ವಿಷಯ ನಿಮಗೆ ಬೇಡ. ಕರ್ನಾಟಕದ ನಕ್ಷೆಯಲ್ಲಿ ಮೈಸೂರು ಒಂದು ಚುಕ್ಕಿ. ಹಾಗಂತ ನಕ್ಷೆ ಸುಳ್ಳಾ?

ಪಾಂಡವಪುರ ಪೆಂಗ್ವಿನ್:
ಗುರು, ಈ ಗೋಳೇ ಬೇಡ. ಲಿನಕ್ಸ್ ಹಾಕಿ. ಅದರ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4ಗೆ ಡಿಫ್ರ್ಯಾಗ್ ಅನ್ನೋದೇ ಬೇಕಾಗಿಲ್ಲ. ಬರೆಯುವಾಗಲೇ ಜಾಗ ನೋಡಿ ಒಟ್ಟಿಗೆ ಬರೆಯುತ್ತದೆ.

ವಿಜಯನಗರ ನಾಲ್ಕನೇ ಹಂತ:
"ಬೇಕಾಗಿಲ್ಲ" ಅಂದ ಮೇಲೆ ಇ4ಡಿಫ್ರ್ಯಾಗ್ ಅಂತ ಒಂದು ಕಮಾಂಡ್ ಯಾಕಿದೆ? ಶೋಕಿಗಾ?

ಪಾಂಡವಪುರ ಪೆಂಗ್ವಿನ್:
ಇದೆ ಅಂದ ತಕ್ಷಣ ದಿನಾ ಬಳಸಬೇಕು ಅಂತೇನಿಲ್ಲ. ಮನೆಯಲ್ಲಿ ಏಣಿ ಇದ್ದರೆ ದಿನಾ ಅಟ್ಟ ಹತ್ತುತ್ತೀರಾ?

ವಿಜಯನಗರ ನಾಲ್ಕನೇ ಹಂತ:
ಅಂದ್ರೆ ಬೇಕಾಗುತ್ತದೆ ಅಂತ ಆಯಿತಲ್ಲ. ಲಿನಕ್ಸ್‌ನ ಬೇರೆ ಫೈಲ್ ವ್ಯವಸ್ಥೆಗಳಾದ ಎಕ್ಸ್‌ಎಫ್‌ಎಸ್‌ಗೂ ಒಂದು ಇದೆ, ಬಿಟಿಆರ್‌ಎಫ್‌ಎಸ್‌ಗೂ ಇದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಡಿಫ್ರ್ಯಾಗ್ ಮಾಡಿದರೆ ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಯನ್ನು ಉಳಿಸಿಟ್ಟ ಪ್ರತಿ) ಜೊತೆ ಹಂಚಿಕೊಂಡ ಜಾಗ ಬೇರೆಯಾಗಿ ಡಿಸ್ಕ್ ಇನ್ನೂ ತುಂಬುತ್ತದೆ, ಅದನ್ನೂ ಹೇಳಿ. ಇರಲಿ. ಫೋಟೋಶಾಪ್ ಮೇಲೆ ಬದುಕುವವರಿಗೆ ಲಿನಕ್ಸ್ ಹಾಕಿ ಅನ್ನುವವರಿಗೆ ಸ್ಟುಡಿಯೋ ಕೆಲಸ ಏನು ಅಂತಲೇ ಗೊತ್ತಿಲ್ಲ.

ಸರಸ್ವತಿಪುರಂ ಮೇಷ್ಟ್ರು:
ನನ್ನದೊಂದು ಸಣ್ಣ ಸಂಶಯ. ಡಿಫ್ರ್ಯಾಗ್ ಆಗುತ್ತಿರುವಾಗ ಕರೆಂಟ್ ಹೋದರೆ ಫೈಲು ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿಬಿಡುವುದಿಲ್ಲವೇ? ನಮ್ಮ ಬಡಾವಣೆಯಲ್ಲಿ ಮಳೆ ಹನಿ ಬಿದ್ದರೆ ಸಾಕು, ಹೋಗುತ್ತದೆ.

ಕಾಳಿದಾಸ ರೋಡ್:
ಹಾಗಾಗುವುದಿಲ್ಲ ಮೇಷ್ಟ್ರೇ. ವಿಂಡೋಸ್ ಎನ್‌ಟಿ 4ರಿಂದ ಫೈಲ್ ಜರುಗಿಸಲು ಒಂದು ಅಧಿಕೃತ ದಾರಿ ಇದೆ, ಒಳ್ಳೆಯ ಡಿಫ್ರ್ಯಾಗ್ ಸಾಫ್ಟ್‌ವೇರ್‌ಗಳೆಲ್ಲ ಅದನ್ನೇ ಬಳಸುತ್ತವೆ. ಮೊದಲು ಹೊಸ ಜಾಗಕ್ಕೆ ಕಾಪಿ, ಆಮೇಲೆ ವಿಳಾಸ ಬದಲಾವಣೆ. ಮಧ್ಯದಲ್ಲಿ ಹೋದರೆ ಹಳೆಯದು ಹಾಗೇ ಉಳಿದಿರುತ್ತದೆ.

ಗುತ್ತಲು ರಸ್ತೆ ಸರ್ವೀಸ್:
"ಹಾಗಾಗುವುದಿಲ್ಲ" ಅಂತ ಅಂಗಡಿಗೆ ಬಂದು ಹೇಳಿ ಸಾರ್. ಡಿಸ್ಕ್‌ನಲ್ಲೇ ಒಂದು ಕ್ಯಾಶ್, ಅಂದ್ರೆ ತಾತ್ಕಾಲಿಕ ಮೆಮೊರಿ ಇರುತ್ತದೆ. ಬರೆದಾಯಿತು ಅಂತ ಡಿಸ್ಕ್ ಹೇಳಿರುತ್ತದೆ, ಪ್ಲೇಟ್ ಮೇಲೆ ಇನ್ನೂ ಬಿದ್ದಿರುವುದಿಲ್ಲ. ಆಗ ಕರೆಂಟ್ ಹೋದರೆ? ಯುಪಿಎಸ್ ಇಲ್ಲದೆ ಯಾರೂ ಹಚ್ಚಬೇಡಿ. ಸ್ಟುಡಿಯೋ ಅಣ್ಣ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಕೇಳಿದ್ದೆ.

ಅಗ್ರಹಾರ ಡಿಟಿಪಿ:
ನಕ್ಷೆ ಪ್ರಶ್ನೆಗೆ ಉತ್ತರ ಬಂದಿಲ್ಲ, ಗಮನಿಸಿ ಎಲ್ಲರೂ.

ಕಾಳಿದಾಸ ರೋಡ್:
ಉತ್ತರ ತಗೊಳ್ಳಿ. ಪರದೆ ಮೇಲೆ 5,000 ಡಬ್ಬಿ ಇದೆ ಅಂತ ಇಟ್ಟುಕೊಳ್ಳಿ. 2 ಟಿಬಿಗೆ ಭಾಗಿಸಿದರೆ ಒಂದು ಡಬ್ಬಿಗೆ 400 ಎಂಬಿ. ಅದರಲ್ಲಿ ಒಂದು ತುಂಡಾದ ಫೈಲಿನ ಚೂರು ಇದ್ದರೂ ಡಬ್ಬಿ ಪೂರ್ತಿ ಕೆಂಪಾಗಬಹುದು. ನಿಮ್ಮ ನಕ್ಷೆಯಲ್ಲಿ ಒಂದು ಮನೆಗೆ ಸುಣ್ಣ ಹೊಡೆಸದೆ ಇದ್ದರೆ ಇಡೀ ಮೈಸೂರು ಕಪ್ಪು. ನಂಬಿ ಕೂತ್ಕೊಳ್ಳಿ.

ಅಗ್ರಹಾರ ಡಿಟಿಪಿ:
"ಕೆಂಪಾಗಬಹುದು". ಆಗಬಹುದು, ಆಗದೆಯೂ ಇರಬಹುದು. ಇದೇ ನಿಮ್ಮ ಸಾಕ್ಷಿಯಾ? ಇನ್ನೊಂದು ಕೇಳಿ. ಆಗಿನ ಡಿಫ್ರ್ಯಾಗ್ ಮೈಕ್ರೋಸಾಫ್ಟ್‌ದೇ ಅಲ್ಲ. 1993ರ ಎಂಎಸ್-ಡಾಸ್ 6ರಲ್ಲಿ ಬಂದ ಡಿಫ್ರ್ಯಾಗ್ ಸಿಮ್ಯಾಂಟೆಕ್‌ನಿಂದ ತಗೊಂಡಿದ್ದು. ಅದಕ್ಕೇ ಚೆನ್ನಾಗಿತ್ತು. ಸ್ವಂತ ಮಾಡಲು ಹೋದಾಗಲೇ ಹಾಳಾಯಿತು.

ವಿಜಯನಗರ ನಾಲ್ಕನೇ ಹಂತ:
ಹಾಗಾದರೆ 2000 ಮತ್ತು ಎಕ್ಸ್‌ಪಿಯಲ್ಲಿ ಇದ್ದದ್ದು ಡಿಸ್ಕ್‌ಕೀಪರ್ ಕಂಪನಿಯಿಂದ ಬಂದದ್ದು. ಅದೂ ಹೊರಗಿನದೇ. ಅದೂ ಚೆನ್ನಾಗಿತ್ತು ಅನ್ನುತ್ತೀರಾ? ಅದಕ್ಕೆ 15% ಜಾಗ ಖಾಲಿ ಇಲ್ಲದಿದ್ದರೆ ಎಚ್ಚರಿಕೆ ಬರುತ್ತಿತ್ತು.

ಅಗ್ರಹಾರ ಡಿಟಿಪಿ:
ಎಚ್ಚರಿಕೆ ಕೊಡುತ್ತಿತ್ತಲ್ಲ, ಅದೇ ಒಳ್ಳೆಯತನ. ಮತ್ತೆ ಅದರಲ್ಲೂ ಬಣ್ಣದ ಪಟ್ಟಿ ಇತ್ತು.

ಕಾಳಿದಾಸ ರೋಡ್:
ಈ ಮನುಷ್ಯರಿಗೆ ಡಿಸ್ಕ್ ಬೇಡ, ದಸರಾ ಲೈಟಿಂಗ್ ಬೇಕು.

ಅಗ್ರಹಾರ ಡಿಟಿಪಿ:
ಮಾತು ನೆಟ್ಟಗಿರಲಿ. ನೀವು ಹುಟ್ಟುವ ಮುಂಚೆ ನಾನು ಜಂಪರ್ ಹಾಕಿ ಹಾರ್ಡ್ ಡಿಸ್ಕ್ ಕೂರಿಸುತ್ತಿದ್ದೆ.

ಸರಸ್ವತಿಪುರಂ ಮೇಷ್ಟ್ರು:
ಇಬ್ಬರೂ ಸ್ವಲ್ಪ ಸಮಾಧಾನ. ನನ್ನ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಮಾತ್ರ ಇದೆ. ಅದಕ್ಕೂ ಡಿಫ್ರ್ಯಾಗ್ಲರ್ ಹಾಕಬೇಕೇ?

ಕಾಳಿದಾಸ ರೋಡ್:
ಯಾವತ್ತೂ ಬೇಡ ಮೇಷ್ಟ್ರೇ. ಎಸ್‌ಎಸ್‌ಡಿಯಲ್ಲಿ ಹೆಡ್ ಇಲ್ಲ, ಜಿಗಿಯುವುದು ಇಲ್ಲ. ಸುಮ್ನೆ ಬರೆದು ಬರೆದು ಆಯಸ್ಸು ಕಡಿಮೆ. ವಿಂಡೋಸ್ ತಾನೇ ಟ್ರಿಮ್ ಮಾಡಿಕೊಳ್ಳುತ್ತದೆ (ಯಾವ ಜಾಗ ಈಗ ಬೇಕಾಗಿಲ್ಲ ಅಂತ ಎಸ್‌ಎಸ್‌ಡಿಗೆ ಹೇಳುತ್ತದೆ), ಡಿಫ್ರ್ಯಾಗ್ ಮಾಡುವುದೇ ಇಲ್ಲ.

ವಿಜಯನಗರ ನಾಲ್ಕನೇ ಹಂತ:
"ಮಾಡುವುದೇ ಇಲ್ಲ" ತಪ್ಪು. ಮೈಕ್ರೋಸಾಫ್ಟ್‌ನಲ್ಲಿದ್ದ ಸ್ಕಾಟ್ ಹ್ಯಾನ್ಸೆಲ್‌ಮನ್ 2014ರಲ್ಲೇ ಬರೆದಿದ್ದಾರೆ. ಸಿಸ್ಟಮ್ ರಿಸ್ಟೋರ್‌ಗೆ ಬೇಕಾದ ವಾಲ್ಯೂಮ್ ಸ್ನ್ಯಾಪ್‌ಶಾಟ್ ಆನ್ ಇದ್ದರೆ ವಿಂಡೋಸ್ ತಿಂಗಳಿಗೊಮ್ಮೆ ಎಸ್‌ಎಸ್‌ಡಿಯನ್ನೂ ಡಿಫ್ರ್ಯಾಗ್ ಮಾಡುತ್ತದೆ. ಒಂದು ಫೈಲಿಗೆ ಎಷ್ಟು ತುಂಡಿನ ಲೆಕ್ಕ ಇಡಬಹುದು ಅನ್ನುವುದಕ್ಕೂ ಒಂದು ಮಿತಿ ಇದೆ.

ಕಾಳಿದಾಸ ರೋಡ್:
ಅದು ವಿಂಡೋಸ್ ತಾನೇ ನೋಡಿಕೊಳ್ಳುವ ವಿಷಯ. ಮೇಷ್ಟ್ರು ಕೇಳಿದ್ದು ತಾವು ಹಾಕಬೇಕಾ ಅಂತ. ಬೇಡ ಅಂದೆ. ಬೇಡವೇ.

ವಿಜಯನಗರ ನಾಲ್ಕನೇ ಹಂತ:
ನೀವು ಹೇಳಿದ್ದು "ಮಾಡುವುದೇ ಇಲ್ಲ" ಅಂತ. ಮೇಲೆ ಇದೆ, ಓದಿಕೊಳ್ಳಿ.

ಅಗ್ರಹಾರ ಡಿಟಿಪಿ:
ನೋಡಿ, 235 ಮಾನಿಟರ್ ಲೆಕ್ಕ ಹಾಕುವವರಿಗೆ ತಮ್ಮದೇ ಮಾತಿನ ಲೆಕ್ಕ ಇಲ್ಲ.

ಮಂಡ್ಯ ಸ್ಟುಡಿಯೋ:
ಅಣ್ಣಂದಿರಾ, ನನ್ನ ಡಿಸ್ಕ್ ಎಲ್ಲಿಗೆ ಹೋಯಿತು? ಸರ್ವೀಸ್ ಅಣ್ಣ ಹೇಳಿದ್ದು ಈಗ ನೋಡಿದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ನೀಲಿ ಬಣ್ಣದಲ್ಲಿ ಗುಡ್ ಅನ್ನುತ್ತದೆ. ರೀಅಲೊಕೇಟೆಡ್, ಪೆಂಡಿಂಗ್ ಎರಡೂ ಸೊನ್ನೆ.

ಗುತ್ತಲು ರಸ್ತೆ ಸರ್ವೀಸ್:
ಸೊನ್ನೆ ಇದ್ದ ಡಿಸ್ಕ್ ಕೂಡ ಮಾರನೇ ದಿನ ಸತ್ತದ್ದು ನೋಡಿದ್ದೇನೆ. ಬ್ಯಾಕಪ್ ಇದೆಯಾ ಅದು ಹೇಳಿ.

ವಿಜಯನಗರ ನಾಲ್ಕನೇ ಹಂತ:
ಅದೇ ಸ್ಕ್ರೀನಿನ ಮೇಲ್ಗಡೆ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಕಂಪನಿ ವೆಬ್‌ಸೈಟ್‌ನಲ್ಲಿ ಹುಡುಕಿ, ಎಸ್‌ಎಂಆರ್ ಅಂತ ಇದೆಯಾ ನೋಡಿ. ಹೆಂಚು ಹೊದಿಸಿದಂತೆ ಒಂದು ಟ್ರ್ಯಾಕ್ ಮೇಲೆ ಇನ್ನೊಂದು ಟ್ರ್ಯಾಕಿನ ಅಂಚು ಕೂರಿಸಿರುತ್ತಾರೆ. ಸಣ್ಣದೊಂದು ಬದಲಾವಣೆಗೂ ಆ ಪಟ್ಟಿಯ ಟ್ರ್ಯಾಕುಗಳನ್ನು ಮತ್ತೆ ಬರೆಯಬೇಕು. ಅಂಥ ಡಿಸ್ಕ್‌ಗೆ ಡಿಫ್ರ್ಯಾಗ್ ಅಂದ್ರೆ ಶಿಕ್ಷೆ.

ಮಂಡ್ಯ ಸ್ಟುಡಿಯೋ:
ನೋಡಿದೆ. ಎಸ್‌ಎಂಆರ್ ಅಂತಲೇ ಇದೆ. ಕೊಂಡಾಗ ಅಂಗಡಿಯವರು ಈ ಮಾತೇ ಎತ್ತಲಿಲ್ಲ.

ವಿಜಯನಗರ ನಾಲ್ಕನೇ ಹಂತ:
ಎತ್ತುವುದಿಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಅಂತ ಜನ ಗಲಾಟೆ ಮಾಡಿದ ಮೇಲೆಯೇ ಕಂಪನಿ ಪಟ್ಟಿ ಹಾಕಿದ್ದು. ಈಗ ನಿಮ್ಮ ನಿಧಾನಕ್ಕೆ ಕಾರಣ 31% ಅಲ್ಲ, ಆ 90 ಜಿಬಿ. 2 ಟಿಬಿ ಡಿಸ್ಕ್‌ನಲ್ಲಿ ನೂರಕ್ಕೆ ಐದೂ ಖಾಲಿ ಇಲ್ಲ. ಹೊಸ ಫೈಲಿಗೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಡಿಸ್ಕ್ ಹೊರಗಿನ ಸುತ್ತಿನಿಂದ ತುಂಬುತ್ತಾ ಬರುತ್ತದೆ, ಒಳಗಿನ ಸುತ್ತಿನ ವೇಗ ಹೊರಗಿನದರ ಹೆಚ್ಚುಕಮ್ಮಿ ಅರ್ಧ.

ಕಾಳಿದಾಸ ರೋಡ್:
ಅಂದ್ರೆ 31% ಕಾರಣ ಅಲ್ಲ. ನಾನು ಮೊದಲ ದಿನವೇ ಅದನ್ನೇ ಹೇಳಿದ್ದು.

ಅಗ್ರಹಾರ ಡಿಟಿಪಿ:
ನೀವು ಹೇಳಿದ್ದು ಡಿಫ್ರ್ಯಾಗ್ ಬೇಕಾಗಿಲ್ಲ ಅಂತ. ಇವರು ಹೇಳುತ್ತಿರುವುದು ಡಿಸ್ಕೇ ಸರಿ ಇಲ್ಲ ಅಂತ. ಎರಡೂ ಒಂದೇನಾ? ಹಳೇ ಡಿಸ್ಕ್‌ಗಳಲ್ಲಿ ಹೆಂಚು ಹೊದಿಸುವ ಕೆಲಸ ಇರಲಿಲ್ಲ, ಡಬ್ಬಿಯೂ ಕಾಣುತ್ತಿತ್ತು. ನನ್ನ ಮಾತು ನಿಂತಿದೆ.

ಪಾಂಡವಪುರ ಪೆಂಗ್ವಿನ್:
ಎಸ್‌ಎಂಆರ್ ಡಿಸ್ಕ್‌ಗೆ ಲಿನಕ್ಸ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ.

ವಿಜಯನಗರ ನಾಲ್ಕನೇ ಹಂತ:
ಅದು ಹೋಸ್ಟ್ ಮ್ಯಾನೇಜ್ಡ್, ಅಂದ್ರೆ ಬರೆಯುವ ಕ್ರಮವನ್ನು ಕಂಪ್ಯೂಟರೇ ನೋಡಿಕೊಳ್ಳುವ ಡಿಸ್ಕ್‌ಗೆ. ಅಂಗಡಿಯಲ್ಲಿ ಸಿಗುವ ಡಿಸ್ಕ್ ಎಲ್ಲವನ್ನೂ ಒಳಗೇ ಮುಚ್ಚಿಟ್ಟುಕೊಂಡು ಮಾಡುತ್ತದೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡಿ.

ಮಂಡ್ಯ ಸ್ಟುಡಿಯೋ:
ನನ್ನ ತೀರ್ಮಾನ ಹೇಳುತ್ತೇನೆ. ಇನ್ನೊಂದು 4 ಟಿಬಿ ತಗೊಂಡು ಡೆಲಿವರಿ ಆದ ಮದುವೆಗಳನ್ನೆಲ್ಲ ಅಲ್ಲಿಗೆ ಹಾಕುತ್ತೇನೆ. ಡಿ ಅರ್ಧ ಖಾಲಿ ಆಗುತ್ತದೆ. ಈಗ ನಡೆಯುತ್ತಿರುವ ಆಲ್ಬಮ್ ಮಾತ್ರ ಸಿ ಎಸ್‌ಎಸ್‌ಡಿಯಲ್ಲಿ ಇಟ್ಟು ಕೆಲಸ ಮಾಡುತ್ತೇನೆ. ಖಾಲಿ ಆದ ಮೇಲೆ ಡಿ ಗೆ ಡಿಫ್ರ್ಯಾಗ್ಲರ್ ಹಾಕಬೇಕಾ, ಬೇಡವಾ?

ಗುತ್ತಲು ರಸ್ತೆ ಸರ್ವೀಸ್:
ಹಾಕಬೇಡಿ. ಎಲ್ಲವನ್ನೂ ಹೊಸದಕ್ಕೆ ಕಾಪಿ ಮಾಡಿ, ಕಾಪಿ ಸರಿಯಾಗಿದೆಯಾ ಅಂತ ಕೆಲವು ಫೋಲ್ಡರ್ ತೆರೆದು ನೋಡಿ, ಡಿ ಫಾರ್ಮ್ಯಾಟ್ ಮಾಡಿ, ಬೇಕಾದ್ದನ್ನು ವಾಪಸ್ ತನ್ನಿ. ವಾಪಸ್ ಬರುವಾಗ ಫೈಲುಗಳು ಸಾಲಾಗಿ ಕೂರುತ್ತವೆ, ಅದೇ ಡಿಫ್ರ್ಯಾಗ್. ಹೊಸದು ತಗೊಳ್ಳುವಾಗ ಸಿಎಂಆರ್ (ಹೆಂಚಿನಂತೆ ಹೊದಿಸದ ಮಾಮೂಲಿ ಟ್ರ್ಯಾಕ್) ಬೇಕು ಅಂತ ಬಾಯಿಬಿಟ್ಟು ಕೇಳಿ, ಬಿಲ್ ಮೇಲೆ ಮಾಡೆಲ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಬೆಂಗಳೂರಿನಿಂದ ಇದೇ ಬಂತು ಅಂದ್ರೆ ಯಾರೂ ಕೇಳುವವರಿಲ್ಲ.

ಕಾಳಿದಾಸ ರೋಡ್:
ಫಾರ್ಮ್ಯಾಟ್ ಎಲ್ಲ ಅತಿಯಾಯಿತು. ಜಾಗ ಖಾಲಿ ಮಾಡಿ, ವಿಂಡೋಸ್ ವಾರಕ್ಕೊಮ್ಮೆ ತಾನೇ ನೋಡಿಕೊಳ್ಳುತ್ತದೆ.

ವಿಜಯನಗರ ನಾಲ್ಕನೇ ಹಂತ:
ಎಸ್‌ಎಂಆರ್ ಮೇಲೆ ವಾರಕ್ಕೊಮ್ಮೆ? ಈಗಷ್ಟೇ ಏನು ಮಾತಾಡಿದೆವು? ಶೆಡ್ಯೂಲ್‌ನಲ್ಲಿ ಡಿ ಟಿಕ್ ತೆಗೆಯಿರಿ ಅಣ್ಣ.

ಕಾಳಿದಾಸ ರೋಡ್:
1% ಇರುವ ಡಿಸ್ಕ್‌ನಲ್ಲಿ ಅದು ಎಷ್ಟು ಜರುಗಿಸುತ್ತದೆ? ಲೆಕ್ಕ ಹಾಕಿ ಬನ್ನಿ, ಮಾತಾಡೋಣ.