ಅಪ್‌ಡೇಟ್: ಆಲ್ಬಮ್ ಚಿತ್ರಗಳು ಈಗ ಮಾಯವಾಗುತ್ತಿಲ್ಲ

ಹಾಡುಗಳನ್ನು ಫೋನಿಗೆ ಹಾಕಿದರೆ ಆಲ್ಬಮ್ ಚಿತ್ರ ಕಾಣಿಸುವುದಿಲ್ಲ ಅಂತ ಕೇಳಿದ್ದೆ ಅಲ್ವಾ, ಅದು ಸರಿಹೋಯಿತು. ಚಿತ್ರಗಳು ಹಾಡಿನ ಫೈಲ್ ಒಳಗೆ ಇರಲೇ ಇಲ್ಲ, ಫೋಲ್ಡರಿನಲ್ಲಿ ಬೇರೆ ಜೆಪಿಜಿಯಾಗಿ ಕೂತಿದ್ದವು, ಹಾಗಾಗಿ ಹಾಡು ಮಾತ್ರ ಹೋಗಿ ಚಿತ್ರ ಅಲ್ಲೇ ಉಳಿಯುತ್ತಿತ್ತು. ನೀವು ಹೇಳಿದ ಹಾಗೆ ಎಂಪಿ3ಟ್ಯಾಗ್‌ನಲ್ಲಿ (ಹಾಡಿನ ಫೈಲ್ ಒಳಗಿನ ಹೆಸರು, ಚಿತ್ರದಂಥ ವಿವರ ತಿದ್ದುವ ಕಂಪ್ಯೂಟರ್ ಪ್ರೋಗ್ರಾಂ) ಒಂದು ಆಲ್ಬಮ್ಮಿನ ಹಾಡುಗಳನ್ನೆಲ್ಲ ಒಟ್ಟಿಗೆ ಆರಿಸಿ, ಎಡಗಡೆ ಕೆಳಗಿರುವ ಕವರ್ ಜಾಗಕ್ಕೆ ಚಿತ್ರ ಎಳೆದು ಬಿಟ್ಟು ಸೇವ್ ಮಾಡಿದೆ. ಬಹಳ ಥ್ಯಾಂಕ್ಸ್!

ಕಾರಿನ ಪ್ಲೇಯರ್ ಮಾತ್ರ ಸತಾಯಿಸಿತು. ಟ್ಯಾಗನ್ನು, ಅಂದರೆ ಫೈಲ್ ಒಳಗಿನ ಆ ವಿವರಗಳನ್ನು, ಐಡಿ3 ಎಂಬ ಮಾದರಿಯ 2.4 ಆವೃತ್ತಿಯಿಂದ ಹಳೆಯ 2.3ಕ್ಕೆ ಬದಲಿಸಿ, ಚಿತ್ರವನ್ನು 600 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಅಲ್ಲೂ ಬಂತು. ಹಲವು ಗಾಯಕರಿರುವ ಆಲ್ಬಮ್ ಚೂರುಚೂರಾಗಿ ಕಾಣುತ್ತಿದ್ದರೆ ಟ್ಯಾಗ್‌ನಲ್ಲಿ ‘ಆಲ್ಬಮ್ ಆರ್ಟಿಸ್ಟ್’ ಎಂಬ ಜಾಗ ಖಾಲಿ ಇದೆಯಾ ನೋಡಿ, ಎಲ್ಲ ಹಾಡಿಗೂ ಅಲ್ಲಿ ಒಂದೇ ಹೆಸರು ತುಂಬಿದರೆ ಒಂದಾಗುತ್ತದೆ. ವೇವ್ ಮಾದರಿಯ ಹಾಡಿನ ಫೈಲುಗಳು ಇನ್ನೂ ಬಾಕಿ, ಅವುಗಳಲ್ಲಿ ಟ್ಯಾಗ್ ಎಲ್ಲ ಪ್ಲೇಯರ್‌ಗಳಿಗೂ ಸರಿಯಾಗಿ ಕಾಣಿಸುವುದಿಲ್ಲ, ಹಾಗಾಗಿ ಅವನ್ನು ಧ್ವನಿಯ ಗುಣಮಟ್ಟ ಕೆಡಿಸದ ಫ್ಲ್ಯಾಕ್ ಮಾದರಿಗೆ ಬದಲಿಸುತ್ತಿದ್ದೇನೆ.