ಸಹಾಯ ಬೇಕು: ಸ್ವಿಚ್ 2 ಗೇಮ್ ಕನ್ಸೋಲನ್ನು ಡಾಕ್‌ನಲ್ಲಿಟ್ಟರೆ ಟಿವಿಯಲ್ಲಿ ಚಿತ್ರ ಬರುತ್ತಿಲ್ಲ

ಅಮೆರಿಕದಿಂದ ಬಂದ ಅಕ್ಕ ನನ್ನ ಮಗನಿಗೆ ನಿಂಟೆಂಡೊ ಸ್ವಿಚ್ 2 ತಂದುಕೊಟ್ಟಿದ್ದಾಳೆ. ಕೈಯಲ್ಲಿ ಹಿಡಿದು ಆಡುವುದಕ್ಕೆ ಬಹಳ ಚೆನ್ನಾಗಿದೆ. 7.9 ಇಂಚಿನ ಪರದೆಯಲ್ಲಿ ಕಾರುಗಳು ಎಷ್ಟೇ ಜೋರಾಗಿ ಓಡಿದರೂ ಚಿತ್ರ ತಡವರಿಸುವುದಿಲ್ಲ. ಎರಡು ಬದಿಯ ಕಂಟ್ರೋಲರ್‌ಗಳಾದ ಜಾಯ್‌ಕಾನ್‌ಗಳು ಅಯಸ್ಕಾಂತದ ಬಲದಿಂದ ಟಕ್ಕೆಂದು ಕೂರುತ್ತವೆ.

ತೊಂದರೆ ಇರುವುದು ಟಿವಿಯ ವಿಷಯದಲ್ಲಿ. ಜೊತೆಗೆ ಬಂದ ಅಡಾಪ್ಟರ್‌ನ ಚಪ್ಪಟೆ ಪಿನ್ನು ನಮ್ಮ ಸಾಕೆಟ್‌ನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಡಾಕ್‌ಗೆ (ಕನ್ಸೋಲನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್‌ಗೆ) ಮೊಬೈಲ್ ಚಾರ್ಜರ್ ಹಾಕಿದ್ದೇವೆ. ಚಾರ್ಜ್ ಏರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಎಚ್‌ಡಿಎಂಐ ಕೇಬಲ್ಲನ್ನೂ ಪೋರ್ಟನ್ನೂ ಬದಲಿಸಿ ನೋಡಿದ್ದಾಯಿತು.

ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಅಂಗಡಿಯವರು ಹೆದರಿಸುತ್ತಿದ್ದಾರೆ. ಇಷ್ಟು ಬೆಲೆಯ ವಸ್ತು, ಧೈರ್ಯ ಬರುತ್ತಿಲ್ಲ.

ಪಿನ್ ಹೊಂದಿಸುವ ಸಣ್ಣ ಕನ್ವರ್ಟರ್ ಒಂದೇ ಸಾಕೇ? ಮೂಲ ಅಡಾಪ್ಟರ್ ಹಾಕಿದರೆ ಟಿವಿಯಲ್ಲಿ ಚಿತ್ರ ಬರುತ್ತದೆಯೇ? ಇಲ್ಲಿ ಬಳಸುತ್ತಿರುವವರು ದಯವಿಟ್ಟು ತಿಳಿಸಿ.