ರೆಸ್ಪಾನ್ಸಿವ್ ಆ್ಯಡ್‌ಗೆ ಜಾಸ್ತಿ ಬರುತ್ತಾ, ಫಿಕ್ಸೆಡ್ ಸೈಜೇ ವಾಸೀನಾ?

ತೋಟದಮನೆ:
ಎಲ್ರಿಗೂ ನಮಸ್ಕಾರ. ನಂದೊಂದು ಕನ್ನಡ ಸೈಟ್ ಇದೆ, ಅಡಿಕೆ ಕಾಳುಮೆಣಸಿನ ರೇಟು, ಕೊಳೆರೋಗ, ಬೋರ್ಡೋ ಹೊಡೆಯೋದು ಇಂಥದ್ದೆಲ್ಲ ಬರೀತೀನಿ. ಓದೋರು ಹೆಚ್ಚಿನವ್ರು ಮೊಬೈಲಲ್ಲೇ, ವಾಟ್ಸಾಪ್ ಗ್ರೂಪಲ್ಲಿ ಬಂದ ಲಿಂಕ್ ಒತ್ಕೊಂಡು ಬರೋರು. ಗೂಗಲ್ ಜಾಹೀರಾತು ತೋರಿಸೋ ಆಡ್‌ಸೆನ್ಸ್ ಹಾಕಿದಾಗಿಂದ ಫಿಕ್ಸೆಡ್ ಸೈಜೇ ಇತ್ತು, ಮೇಲೆ 728×90, ಲೇಖನದ ಮಧ್ಯ 336×280, ಸೈಡಲ್ಲಿ 300×600. ಈಗ ಥೀಮ್ ಬದಲಾಯಿಸ್ದೆ, ಎಲ್ಲಾ ರೆಸ್ಪಾನ್ಸಿವ್ (ಪರದೆ ಅಗಲಕ್ಕೆ ತಕ್ಕಂತೆ ಸೈಜ್ ಬದಲಾಯಿಸ್ಕೊಳ್ಳೋ ಆ್ಯಡ್) ಮಾಡ್ಬಿಡು ಅಂತ ಫ್ರೆಂಡ್ ಹೇಳ್ದ, ಸರಿ ಅಂತ ರೋಗದ ಲೇಖನಗಳಿಗೆ ಮಾತ್ರ ಹಾಕಿ ನೋಡ್ದೆ, ರೇಟಿನ ಪೇಜಲ್ಲಿ ಹಳೇದೇ ಬಿಟ್ಟೆ. ರಿಪೋರ್ಟಲ್ಲಿ ರೆಸ್ಪಾನ್ಸಿವ್ ಯುನಿಟ್ಟಿಂದು ಇಂಪ್ರೆಶನ್ ಆರ್‌ಪಿಎಂ ಜಾಸ್ತಿ ತೋರಿಸ್ತಿದೆ, ಆದ್ರೆ ದಿನದ ಒಟ್ಟು ದುಡ್ಡು ನೋಡಿದ್ರೆ ಏರಿದ್ದೇನೂ ಇಲ್ಲ. ಯಾವ ಲೆಕ್ಕ ನಂಬ್ಲಿ?

ಬೈಟುಕಾಫಿ:
ರೆಸ್ಪಾನ್ಸಿವ್ ಹಾಕಿ ಆರಾಮಾಗಿರಿ ಗುರು. 2013ರಿಂದ ಇದೆ ಅದು, ಇನ್ನೂ 728×90 ಇಟ್ಕೊಂಡಿದೀರಲ್ಲ 😀

ಹುಬ್ಳಿಮಂದಿ:
ಹಂಗ ಗಡಿಬಿಡಿ ಮಾಡ್ಬ್ಯಾಡ್ರಿ. ತೋಟದಮನೆಯವ್ರ, ನೀವು ನೋಡ್ಲಿಕ್ಕತ್ತಿದ್ದು ಇಂಪ್ರೆಶನ್ ಆರ್‌ಪಿಎಂ, ಅಂದ್ರ ಸಾವಿರ ಜಾಹೀರಾತು ತೋರಿಸಿದ್ರ ಎಷ್ಟ್ ಬಂತು ಅನ್ನೂ ಲೆಕ್ಕ. ನಿಮಗ ಬೇಕಾಗಿದ್ದು ಪೇಜ್ ಆರ್‌ಪಿಎಂ, ಅಂದ್ರ ಸಾವಿರ ಸಲ ಪುಟ ತೆರೆದ್ರ ಎಷ್ಟು. ಉದಾಹರಣೆಗೆ ಒಂದ್ ಪುಟದಾಗ ಮೂರು ಆ್ಯಡ್ ಅದಾವ, ಇಂಪ್ರೆಶನ್ ಆರ್‌ಪಿಎಂ 20 ರೂಪಾಯಿ ಅಂದ್ರ ಸಾವಿರ ಪುಟಕ್ಕ 60 ಆತು. ರೆಸ್ಪಾನ್ಸಿವ್ ಹಾಕಿದ್ ಮ್ಯಾಲ 25 ಆತು, ಆದ್ರ ಮೂರರಾಗ ಒಂದು ಖಾಲಿ ಉಳೀತು ಅಂದ್ರ 50ನೇ ಬಂತು. ರಿಪೋರ್ಟ್ ನೋಡಿ ಖುಷಿ ಪಡ್ತೀರಿ, ಬ್ಯಾಂಕಿಗೆ ಕಡಿಮಿ ಬರ್ತದ.

ಇನ್ನೊಂದು, ರೇಟಿನ ಪೇಜಿಗೂ ರೋಗದ ಪೇಜಿಗೂ ಹೋಲಿಕಿನೇ ತಪ್ರಿ. ಕೊಳೆರೋಗ ಓದೂ ಪುಟಕ್ಕ ಔಷಧಿ, ಸ್ಪ್ರೇಯರ್ ಮಾರವ್ರು ಬರ್ತಾರ, ರೇಟ್ ನೋಡಿ ಹತ್ತು ಸೆಕೆಂಡಿನ್ಯಾಗ ಹೋಗೂ ಪುಟಕ್ಕ ಯಾರ್ ಬರ್ತಾರ? ಒಂದೇ ಪುಟದಾಗ ಒಂದೇ ಜಾಗಕ್ಕ ಎರಡು ಯುನಿಟ್ ಮಾಡಿ, ಸಣ್ಣ ಸ್ಕ್ರಿಪ್ಟ್ ಬರದು ಅರ್ಧ ಮಂದಿಗೆ ಇದು ಅರ್ಧ ಮಂದಿಗೆ ಅದು ಬರೂಹಂಗ ಮಾಡ್ರಿ. ಆಡ್‌ಸೆನ್ಸ್ ಕೋಡ್ ಮುಟ್ಟಬಾರ್ದು ಅಂತ ಹೆದ್ರಸ್ತಾರ, ಆದ್ರ ಎ/ಬಿ ಟೆಸ್ಟಿಗೆ, ಅಂದ್ರ ಎರಡನ್ನೂ ಹೋಲಿಸಿ ನೋಡ್ಲಿಕ್ಕೆ, ಹಿಂಗ ಬದಲಾಯಿಸ್ಲಿಕ್ಕೆ ಅವರ ಹೆಲ್ಪ್ ಪೇಜಿನ್ಯಾಗನ ಅನುಮತಿ ಅದ. ಮೊಬೈಲ್ ಡೆಸ್ಕ್‌ಟಾಪ್ ಬ್ಯಾರೆ ಬ್ಯಾರೆ ನೋಡ್ರಿ, ಕೂಡಿಸಿ ನೋಡಿದ್ರ ಏನೂ ತಿಳಿಯಂಗಿಲ್ಲ. ಅಮೆರಿಕಾ, ಗಲ್ಫ್ ಕಡೆ ನಮ್ ಮಂದಿ ಓದಿದ ದಿನ ರೇಟ್ ಏರ್ತದ, ಅದಕ್ಕ ದೇಶದ ಫಿಲ್ಟರೂ ಹಾಕ್ರಿ.

ದಿನದ ಲೆಕ್ಕ ಹಿಡೀಬ್ಯಾಡ್ರಿ, ಪೂರಾ ವಾರ ಹಿಡೀರಿ. ರಿಪೋರ್ಟ್ ಪೆಸಿಫಿಕ್ ಟೈಮಿನ್ಯಾಗ (ಅಮೆರಿಕಾದ ಪಶ್ಚಿಮ ಕರಾವಳಿ ಟೈಮ್) ಇದ್ರ ನಮ್ಮ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ ಅಲ್ಲಿ ತಾರೀಖು ಬದಲಾಗ್ತದ.

ತೋಟದಮನೆ:
ಓಹ್ ಸರಿ ಸರ್, ಪೇಜ್ ಆರ್‌ಪಿಎಂ ಕಾಲಮ್ ಈಗ ತೆಗೆದೆ. ಮೊಬೈಲಲ್ಲಿ ಸ್ವಲ್ಪ ಮೇಲಿದೆ, ಡೆಸ್ಕ್‌ಟಾಪಲ್ಲಿ ಫಿಕ್ಸೆಡ್‌ಗಿಂತ ಕೆಳಗಿದೆ. ಹೀಗ್ಯಾಕೆ?

ಪಿಕ್ಸೆಲ್_ಪದ್ಮ:
ಅದು ನಿಮ್ಮ ಕಾಲಮ್ ಅಗಲದಿಂದ. ಲೇಖನದ ಕಾಲಮ್ 700-750 ಪಿಕ್ಸೆಲ್ ಇದ್ರೆ ರೆಸ್ಪಾನ್ಸಿವ್ 'ಆಟೋ'ದಲ್ಲಿ ಎಷ್ಟೋ ಸಲ ಅಡ್ಡಡ್ಡ ಪಟ್ಟಿ ಬಂದು ಕೂರುತ್ತೆ. ಮೊದ್ಲು ಅದೇ ಜಾಗದಲ್ಲಿ 336×280 ಚೌಕ ಇತ್ತು, ಓದೋರ ಕಣ್ಣಿಗೆ ಬೀಳ್ತಿತ್ತು. ಕೋಡಲ್ಲಿ ಫಾರ್ಮ್ಯಾಟ್ 'ಆಟೋ' ಅಂತಿರೋ ಕಡೆ 'ರೆಕ್ಟ್ಯಾಂಗಲ್' ಅಂತ ಹಾಕಿ ನೋಡಿ, ರೆಸ್ಪಾನ್ಸಿವ್ ಆಗೇ ಇರುತ್ತೆ ಆದ್ರೆ ಪಟ್ಟಿ ಬರಲ್ಲ. ಆ್ಯಡ್ ಜಾಗಕ್ಕೆ ಜಾಹೀರಾತುದಾರರ ಹರಾಜು ನಡೆಯುತ್ತಲ್ಲ, ರೆಸ್ಪಾನ್ಸಿವ್ ಅಂದ್ರೆ ಬೇರೆ ಹರಾಜೇನಲ್ಲ ಕಣ್ರೀ, ಹೆಚ್ಚು ಸೈಜಿನ ಆ್ಯಡ್‌ಗಳು ಆ ಜಾಗಕ್ಕೆ ಬಿಡ್ ಮಾಡಬಹುದು ಅಷ್ಟೇ.

ಮೊಬೈಲಲ್ಲಿ ಫಿಕ್ಸೆಡ್ 336 ಮಾತ್ರ ತೆಗೆದ್ಹಾಕಿ. 360 ಅಗಲದ ಫೋನಲ್ಲಿ ಥೀಮ್ ಎರಡೂ ಕಡೆ 16-16 ಜಾಗ ಬಿಟ್ರೆ ಉಳಿಯೋದು 328, ಆ್ಯಡ್ 8 ಪಿಕ್ಸೆಲ್ ಹೊರಗೆ ಬಂದು ಇಡೀ ಪೇಜ್ ಬೆರಳಿಗೆ ಎಡಕ್ಕೆ ಬಲಕ್ಕೆ ಅಲ್ಲಾಡುತ್ತೆ. 300×250 ಕೂರುತ್ತೆ. ರೆಸ್ಪಾನ್ಸಿವ್ ಫುಲ್ ವಿಡ್ತ್ ಆನ್ ಇದ್ರೆ ಥೀಮಿನ ಅಂಚನ್ನೂ ದಾಟಿ ಪೂರ್ತಿ 360 ತಗೊಳ್ಳುತ್ತೆ, ಮೊಬೈಲಲ್ಲಿ ನಿಮಗೆ ಸ್ವಲ್ಪ ಏರಿರೋದು ಬಹುಶಃ ಇದಕ್ಕೇ.

ಆದ್ರೆ ಆ್ಯಡ್ ಬರೋ ಜಾಗಕ್ಕೆ ಮೊದಲೇ ಎತ್ತರ ಕೊಡಿ, ಮಿನಿಮಮ್ 280 ಆದ್ರೂ, ಇಲ್ಲಾಂದ್ರೆ ಓದ್ತಾ ಇರೋವಾಗ ಪ್ಯಾರಾ ದಡಕ್ ಅಂತ ಕೆಳಗೆ ಹೋಗುತ್ತೆ, ಸಿಎಲ್‌ಎಸ್ (ಪುಟ ಹೀಗೆ ಜರುಗೋದರ ಅಳತೆ) 0.1 ದಾಟುತ್ತೆ. ಈ ವಿಷಯದಲ್ಲಿ ಫಿಕ್ಸೆಡ್ಡೇ ಮೇಲು, ಎತ್ತರ ಮೊದಲೇ ಗೊತ್ತಿರುತ್ತಲ್ಲ.

ಬೈಟುಕಾಫಿ:
ಕ್ಲಿಕ್ ಎಷ್ಟು ಬಿತ್ತು ಅಂತ ನೋಡಿದ್ರೆ ಸಾಕಲ್ವಾ, ಇಷ್ಟೆಲ್ಲ ಯಾಕೆ

ಹುಬ್ಳಿಮಂದಿ:
ಅದು ಹಳೇ ಮಾತಾತ್ರಿ. 2024ರ ಶುರುವಿನ್ಯಾಗ ಆಡ್‌ಸೆನ್ಸ್ ಕ್ಲಿಕ್ ಲೆಕ್ಕ ಬಿಟ್ಟು ಇಂಪ್ರೆಶನ್ ಮ್ಯಾಲೆ ರೊಕ್ಕ ಕೊಡ್ಲಿಕ್ಕೆ ಹತ್ತ್ಯದ. ಈಗ ನೋಡೂದಿದ್ರ ಆಕ್ಟಿವ್ ವ್ಯೂ ನೋಡ್ರಿ, ಆ್ಯಡ್ ಓದೋರಿಗೆ ಕಾಣೂವಂಗ ಇತ್ತಾ ಅನ್ನೂ ಲೆಕ್ಕ ಅದು, ಆ್ಯಡಿನ ಅರ್ಧ ಭಾಗ ಒಂದ್ ಸೆಕೆಂಡರೆ ಪರದೆ ಮ್ಯಾಲೆ ಇರಬೇಕು. ಮ್ಯಾಲಿನ 728×90 ಸ್ಕ್ರೋಲ್ ಮಾಡಿ ದಾಟಿ ಹೋಗ್ತಾರ, ಯಾರೂ ನೋಡಂಗಿಲ್ಲ.

ತೋಟದಮನೆ:
ಮೇಡಂ ಹೇಳಿದ ಹಾಗೆ ರೆಕ್ಟ್ಯಾಂಗಲ್ ಮಾಡ್ದೆ, ಚೌಕ ಬರ್ತಿದೆ. ಸೈಡಿನ 300×600 ಮಾತ್ರ ರೆಸ್ಪಾನ್ಸಿವ್ ಮಾಡಿದ್ಮೇಲೆ ಬರ್ತಾನೇ ಇಲ್ಲ, ಬ್ರೌಸರಿನ ಕನ್ಸೋಲಲ್ಲಿ ಅವೈಲಬಲ್ ವಿಡ್ತ್ ಸೊನ್ನೆ ಅಂತ ಎರರ್.

ಪಿಕ್ಸೆಲ್_ಪದ್ಮ:
ಹೊಸ ಥೀಮಲ್ಲಿ ಸೈಡ್‌ಬಾರ್ ಫ್ಲೆಕ್ಸ್ (ಡಬ್ಬಗಳನ್ನ ಸಾಲಾಗಿ ಜೋಡಿಸೋ ಸಿಎಸ್‌ಎಸ್ ವಿಧಾನ) ಒಳಗಿರಬೇಕು. ಆ ಡಬ್ಬಕ್ಕೆ ಸ್ವಂತ ಅಗಲ ಇಲ್ದಿದ್ರೆ ರೆಸ್ಪಾನ್ಸಿವ್ ಕೋಡ್ ಅಳೆದಾಗ ಸೊನ್ನೆ ಸಿಗುತ್ತೆ, ಖಾಲಿ ಬಿಡುತ್ತೆ. ಹುಬ್ಳಿಮಂದಿ ಹೇಳಿದ ಹಾಗೆ ಮೂರರಲ್ಲಿ ಒಂದು ಖಾಲಿ ಉಳೀತಿದ್ರೆ, ಅದು ಇದೇ ಇರಬಹುದು. ಸೈಡ್‌ಬಾರ್ ಡೆಸ್ಕ್‌ಟಾಪಲ್ಲಿ ಮಾತ್ರ ತಾನೇ ಕಾಣೋದು, ಅಗಲ ಬದಲಾಗಲ್ಲ, ಅಲ್ಲಿ ಫಿಕ್ಸೆಡ್ 300×600 ವಾಪಸ್ ಹಾಕಿ, ತಲೆನೋವು ಬೇಡ. ಮತ್ತೆ ಟೆಸ್ಟ್ ಯುನಿಟ್ಟುಗಳಿಗೆ 'ಮಧ್ಯ-ಫಿಕ್ಸೆಡ್', 'ಮಧ್ಯ-ರೆಸ್ಪಾನ್ಸಿವ್' ಅಂತ ಬೇರೆ ಬೇರೆ ಹೆಸರಿಡಿ, ಇಲ್ಲಾಂದ್ರೆ ರಿಪೋರ್ಟಲ್ಲಿ ಯಾವುದು ಯಾವುದು ಅಂತ ಹುಡುಕ್ತಾ ಕೂರಬೇಕಾಗುತ್ತೆ.